ದಂಗೆ ಏಳದ ತಪ್ಪಿಗೆ ಗುಂಡು: ಜನರಲ್ ದೊಮಿಂಗೊ ಬಾತೆಟ್ ಪ್ರಕರಣ

1937ರ ಫೆಬ್ರವರಿ 18ರ ಬೆಳಗ್ಗೆ ಸ್ಪೇನಿನ ಬುರ್ಗೊಸ್‌ನಲ್ಲಿ 64 ವರ್ಷದ ಒಬ್ಬ ಜನರಲ್‌ ಅವರನ್ನು ನಿಲ್ಲಿಸಿ ಗುಂಡು ಹೊಡೆದರು. ಹೊಡೆದವರು ಸ್ಪೇನ್ ಸೈನ್ಯದ್ದೇ ಸಿಪಾಯಿಗಳು. ಕಾಗದದ ಮೇಲಿದ್ದ ಅಪರಾಧ ಸೇನಾ ದಂಗೆ. ವಿಷಯ ಏನೆಂದರೆ, ದೊಮಿಂಗೊ ಬಾತೆಟ್ ದಂಗೆ ಎದ್ದಿರಲೇ ಇಲ್ಲ. ದಂಗೆ ಎದ್ದವರು ಬಂದು ಸೇರಿಕೊಳ್ಳಿ ಅಂದಾಗ ಆಗುವುದಿಲ್ಲ ಅಂದಿದ್ದರು. ಅಷ್ಟೇ.

ಸ್ಪೇನ್ ಅಂತರ್ಯುದ್ಧ (1936–39) ಅಂದರೆ ನಮ್ಮಲ್ಲಿ ಓದಿದವರಿಗೆ ಅದನ್ನು ಗೆದ್ದು ಸರ್ವಾಧಿಕಾರಿಯಾದ ಫ್ರಾಂಕೊ ಗೊತ್ತು, ಬಾಂಬ್ ದಾಳಿಗೆ ತುತ್ತಾದ ಗೆರ್ನಿಕಾ ಊರು ಗೊತ್ತು. ಬಾತೆಟ್ ಹೆಸರು ಕೇಳಿದವರು ಕಡಿಮೆ. ಆದರೆ ಸೈನ್ಯ ಮತ್ತು ಸರ್ಕಾರದ ನಡುವಿನ ಸಂಬಂಧ ಹೇಗೆ ಮುರಿಯುತ್ತದೆ ಅಂತ ನೋಡಬೇಕಾದರೆ ಇವರ ಪ್ರಕರಣದಷ್ಟು ಸ್ಪಷ್ಟವಾದದ್ದು ಸಿಗುವುದು ಕಷ್ಟ. ಯಾಕೆಂದರೆ ಇದರಲ್ಲಿ ಎರಡು ರಾತ್ರಿಗಳಿವೆ. 1934ರ ಅಕ್ಟೋಬರ್ 6 ಮತ್ತು 1936ರ ಜುಲೈ 18. ಎರಡು ಸಲವೂ ಅವರು ಒಂದು ಪ್ರದೇಶದ ಸೇನಾ ಮುಖ್ಯಸ್ಥರು. ಎರಡು ಸಲವೂ ಅವರ ಮುಂದೆ ದಂಗೆ. ಎರಡು ಸಲವೂ ಅವರ ತೀರ್ಮಾನ ಒಂದೇ, ಚುನಾಯಿತ ಸರ್ಕಾರದ ಪರ ನಿಲ್ಲುವುದು. ಮೊದಲ ಸಲ ದೇಶದ ಅತಿ ದೊಡ್ಡ ಶೌರ್ಯ ಪದಕ ಸಿಕ್ಕಿತು. ಎರಡನೇ ಸಲ ಗುಂಡು ಸಿಕ್ಕಿತು.

ಕತಲಾನ್ ಅಧಿಕಾರಿ

ಬಾತೆಟ್ ಹುಟ್ಟಿದ್ದು 1872ರ ಆಗಸ್ಟ್ 30ರಂದು, ಸ್ಪೇನಿನ ಈಶಾನ್ಯ ಭಾಗವಾದ ಕತಲೋನಿಯಾದ ತಾರ್ರಗೋನಾದಲ್ಲಿ. ಹುಡುಗನಾಗಿದ್ದಾಗಲೇ ಸೈನ್ಯ ಸೇರಿದರು. 1895ರಲ್ಲಿ ಸ್ಪೇನಿನ ವಸಾಹತು ಕ್ಯೂಬಾದಲ್ಲಿ ಸ್ವಾತಂತ್ರ್ಯ ಯುದ್ಧ ಶುರುವಾದಾಗ ತಾವೇ ಮುಂದೆ ಬಂದು ಅಲ್ಲಿಗೆ ಹೋದರು. ಆ ಕಾಲದ ಸ್ಪೇನ್ ಅಧಿಕಾರಿಗಳ ಬದುಕು ಹೆಚ್ಚುಕಡಿಮೆ ಹೀಗೇ. ಕ್ಯೂಬಾ ಸೋಲು, ಆಮೇಲೆ ಮೊರೊಕ್ಕೊ, ನಡುವೆ ಊರೂರಿನ ಬ್ಯಾರಕ್.

ಇವರನ್ನು ಬೇರೆ ಮಾಡಿದ್ದು ಮೊರೊಕ್ಕೊದ ಒಂದು ತನಿಖೆ. 1921ರ ಜುಲೈನಲ್ಲಿ ಅಬ್ದ್ ಎಲ್ ಕ್ರೀಮ್ ನಾಯಕತ್ವದ ರಿಫ್ ಬುಡಕಟ್ಟುಗಳು ಅನುವಾಲ್ ಎಂಬಲ್ಲಿ ಸ್ಪೇನ್ ಸೈನ್ಯವನ್ನು ಧೂಳೀಪಟ ಮಾಡಿದವು. ಕೆಲವೇ ದಿನಗಳಲ್ಲಿ ಸಾವಿರಾರು ಸಿಪಾಯಿಗಳು ಸತ್ತರು. ಅಲ್ಲಿನ ಕಮಾಂಡರ್ ಜನರಲ್ ಸಿಲ್ವೆಸ್ತ್ರೆಯೂ ಉಳಿಯಲಿಲ್ಲ. ಇಷ್ಟು ದೊಡ್ಡ ಅವಮಾನಕ್ಕೆ ಯಾರು ಹೊಣೆ ಅಂತ ಪತ್ತೆ ಮಾಡಲು ಜನರಲ್ ಹುವಾನ್ ಪಿಕಾಸೊ ಅವರನ್ನು ಕಳಿಸಿದರು. (ಹೌದು, ಚಿತ್ರಕಾರ ಪಿಕಾಸೊನ ಬಂಧುವೇ.) ಅನುವಾಲ್ ನಂತರದ ವಿಚಾರಣೆಗಳಲ್ಲಿ ಬಾತೆಟ್ ಕೂಡ ತನಿಖಾಧಿಕಾರಿಯಾಗಿ ಕೆಲಸ ಮಾಡಿದರು.

ಅಲ್ಲಿ ಅವರು ಕಂಡದ್ದು ಕಾದಾಟಕ್ಕಿಂತ ಜಾಸ್ತಿ ಕೊಳಕು. ಸಿಪಾಯಿಗಳ ಊಟದಲ್ಲಿ ದುಡ್ಡು ಹೊಡೆಯುವವರು, ಮುಂಚೂಣಿಯಲ್ಲಿ ಇರಬೇಕಾದವರು ಪೇಟೆಯಲ್ಲಿ ಮಜಾ ಮಾಡುವುದು. ಅವರು ಖಾಸಗಿಯಾಗಿ ಬರೆದಿಟ್ಟ ಟಿಪ್ಪಣಿಗಳಲ್ಲಿ ಒಂದು, ಸ್ಪೇನ್ ಸೈನ್ಯದ ವಿದೇಶಿ ದಳದಲ್ಲಿದ್ದ (ಫಾರಿನ್ ಲೀಜನ್) ಒಬ್ಬ ಯುವ ಮೇಜರ್ ಬಗ್ಗೆ ಇದೆ. ಧೈರ್ಯಶಾಲಿ ಅಂತ ಎಲ್ಲರೂ ಹೊಗಳುವ ಈತನಲ್ಲಿ ಸೈನಿಕನ ಗುಣ ಕಡಿಮೆ, ಕಾಯಿಲೆ ನೆಪದಲ್ಲಿ ತಿಂಗಳುಗಟ್ಟಲೆ ಊರಲ್ಲೇ ಉಳಿದ, ಆ ಕಾಯಿಲೆ ಬಾರು ಕ್ಲಬ್ಬುಗಳಿಗೆ ಹೋಗಲು ಮಾತ್ರ ಅಡ್ಡಿ ಬರಲಿಲ್ಲ ಎಂಬುದು ಅದರ ತಿರುಳು. ಆ ಮೇಜರ್ ಹೆಸರು ಫ್ರಾನ್ಸಿಸ್ಕೊ ಫ್ರಾಂಕೊ.

ಈ ಒಂದು ಟಿಪ್ಪಣಿಯಿಂದಲೇ ಮುಂದಿನದ್ದೆಲ್ಲ ನಡೆಯಿತು ಅಂತ ಹೇಳುವವರಿದ್ದಾರೆ. ನನಗೆ ಅದು ಅತಿ ಸರಳ ಅನ್ನಿಸುತ್ತದೆ. ಆದರೆ ಇಬ್ಬರೂ ಎಂಥ ಅಧಿಕಾರಿಗಳು ಎಂಬುದು ಅಲ್ಲಿ ಗೊತ್ತಾಗುತ್ತದೆ. ಒಬ್ಬರು ಲೆಕ್ಕ ಕೇಳುವವರು, ಇನ್ನೊಬ್ಬ ಲೆಕ್ಕ ಕೊಡಲು ಒಪ್ಪದವನು.

1926ರಲ್ಲಿ ಸರ್ವಾಧಿಕಾರಿ ಪ್ರಿಮೊ ದೆ ರಿವೇರಾ ವಿರುದ್ಧ ಒಂದು ಸಂಚು ನಡೆದು ವಿಫಲವಾಯಿತು. ಅದರಲ್ಲಿ ಬಾತೆಟ್ ಹೆಸರೂ ತಳುಕು ಹಾಕಿಕೊಂಡಿತು, ಕೊನೆಗೆ ಖುಲಾಸೆಯಾಯಿತು. ಪ್ರಿಮೊ ಸ್ವತಃ 1923ರಲ್ಲಿ ಕ್ಷಿಪ್ರಕ್ರಾಂತಿ ಮಾಡಿ ಬಂದವನು ಅನ್ನೋದನ್ನು ನೆನಪಿಡಬೇಕು. 1931ರಲ್ಲಿ ರಾಜ ದೇಶ ಬಿಟ್ಟ, ಗಣರಾಜ್ಯ ಬಂತು. ಹೊಸ ಸರ್ಕಾರ ನಂಬಿಕಸ್ಥರನ್ನು ಹುಡುಕುತ್ತಿತ್ತು. ಬಾತೆಟ್ ಬಾರ್ಸಿಲೋನಾಗೆ ಬಂದರು, ಕತಲೋನಿಯಾದ ನಾಲ್ಕನೇ ಡಿವಿಷನ್ ಮುಖ್ಯಸ್ಥರಾಗಿ.

ಮೊದಲ ರಾತ್ರಿ: ಬೆಳಗಾಗುವವರೆಗೆ ಕಾಯೋಣ

1934ರ ಅಕ್ಟೋಬರ್ ಮೊದಲ ವಾರ. ಮ್ಯಾಡ್ರಿಡ್‌ನಲ್ಲಿ ಲೆರ್ರೂ ಪ್ರಧಾನಿ. ಬಲಪಂಥೀಯ ಸೇಡಾ ಪಕ್ಷದ ಮೂವರು ಮಂತ್ರಿಗಳಾದರು. ಇದು ಗಣರಾಜ್ಯದ ಕೊನೆಗಾಲ ಅಂತ ಎಡಪಕ್ಷಗಳು ಸಾರ್ವತ್ರಿಕ ಮುಷ್ಕರ ಕರೆದವು. ಅಸ್ತೂರಿಯಾಸ್‌ನಲ್ಲಿ ಗಣಿ ಕಾರ್ಮಿಕರು ಡೈನಮೈಟ್ ಹಿಡಿದು ನಿಂತರು. ಕತಲೋನಿಯಾದ ಜಗಳ ಸ್ವಲ್ಪ ಬೇರೆ. ದ್ರಾಕ್ಷಿ ತೋಟದ ಗೇಣಿದಾರರಿಗೆ ಜಮೀನು ಕೊಳ್ಳುವ ಹಕ್ಕು ಕೊಡುವ ಕಾನೂನನ್ನು ಅಲ್ಲಿನ ಪ್ರಾಂತೀಯ ಸಂಸತ್ತು ಪಾಸು ಮಾಡಿತ್ತು. ಮ್ಯಾಡ್ರಿಡ್‌ನ ಸಂವಿಧಾನ ನ್ಯಾಯಮಂಡಳಿ ಅದನ್ನು ರದ್ದು ಮಾಡಿತ್ತು. ಆ ಸಿಟ್ಟು ಇನ್ನೂ ಆರಿರಲಿಲ್ಲ.

ಅಕ್ಟೋಬರ್ 6ರ ಶನಿವಾರ, ರಾತ್ರಿ 8ರ ಹೊತ್ತಿಗೆ, ಕತಲಾನ್ ಸರ್ಕಾರದ ಅಧ್ಯಕ್ಷ ಲ್ಯುಯಿಸ್ ಕೊಂಪಾನಿಸ್ ಬಾಲ್ಕನಿಗೆ ಬಂದರು. ಸ್ಪ್ಯಾನಿಷ್ ಒಕ್ಕೂಟ ಗಣರಾಜ್ಯದೊಳಗೆ ಕತಲಾನ್ ರಾಜ್ಯ ಸ್ಥಾಪನೆಯಾಗಿದೆ ಅಂತ ಘೋಷಿಸಿದರು. ಗಮನಿಸಿ, ಪ್ರತ್ಯೇಕ ದೇಶ ಅನ್ನಲಿಲ್ಲ. ಆದರೆ ಅಂಥ ಒಕ್ಕೂಟ ಗಣರಾಜ್ಯ ಸಂವಿಧಾನದಲ್ಲೆಲ್ಲೂ ಇರಲಿಲ್ಲ.

ಆಮೇಲೆ ಕೊಂಪಾನಿಸ್ ಬಾತೆಟ್‌ಗೆ ಹೇಳಿ ಕಳಿಸಿದರು. ನಿಮ್ಮ ಪಡೆಗಳ ಸಮೇತ ನನ್ನ ಆಜ್ಞೆಗೆ ಒಳಪಡಿ, ನಾನು ಈಗಷ್ಟೇ ಘೋಷಿಸಿದ ಒಕ್ಕೂಟ ಗಣರಾಜ್ಯಕ್ಕೆ ಸೇವೆ ಸಲ್ಲಿಸಿ ಎಂಬ ಪತ್ರ. ಅದನ್ನು ತಂದವರು ಒಬ್ಬ ಸರ್ಕಾರಿ ಅಧಿಕಾರಿ. ಬಾತೆಟ್ ಕತಲಾನ್, ಕೊಂಪಾನಿಸ್ ಕೂಡ ಕತಲಾನ್, ಇಬ್ಬರಿಗೂ ಪರಸ್ಪರ ಪರಿಚಯ ಚೆನ್ನಾಗಿತ್ತು. ಜನರಲ್ ಕೂಡಲೇ ಹೌದು ಅಲ್ಲ ಅನ್ನಲಿಲ್ಲ, ಯೋಚಿಸಲು ಸಮಯ ಬೇಕು ಅಂದರು. ಆ ಸಮಯದಲ್ಲಿ ಮ್ಯಾಡ್ರಿಡ್‌ಗೆ ಫೋನ್ ಮಾಡಿ ಪ್ರಧಾನಿ ಜೊತೆ ಮಾತಾಡಿದರು. ಆಮೇಲೆ ಕೊಂಪಾನಿಸ್‌ಗೆ ಸಿಕ್ಕ ಉತ್ತರ ಯುದ್ಧ ಪರಿಸ್ಥಿತಿಯ ಘೋಷಣೆ, ಅಂದರೆ ಅಧಿಕಾರ ಇನ್ನು ಸೈನ್ಯದ ಕೈಗೆ.

ಈಗ ಸ್ವಲ್ಪ ಭೂಗೋಳ. ಸೇನಾ ಕಚೇರಿ ಬಂದರಿನ ಪಕ್ಕ. ಅಲ್ಲಿಂದ ರಾಂಬ್ಲಾ ರಸ್ತೆಯ ಕೆಳತುದಿ ನಡೆದುಹೋಗುವಷ್ಟು ಹತ್ತಿರ. ಯುದ್ಧ ಪರಿಸ್ಥಿತಿಯ ಘೋಷಣೆಯನ್ನು ಬೀದಿಯಲ್ಲಿ ಓದಿ, ಗೋಡೆಗೆ ಅಂಟಿಸಬೇಕು, ಅದು ಕ್ರಮ. ಆ ಕೆಲಸಕ್ಕೆ ಹೊರಟ ತುಕಡಿಯ ಮೇಲೆ ರಾಂಬ್ಲಾದಲ್ಲಿದ್ದ ಅಂಗಡಿ ನೌಕರರ ಸಂಘದ ಕಟ್ಟಡದಿಂದ ಗುಂಡು ಬಂತು. ಸೈನ್ಯ ಫಿರಂಗಿ ತಂದಿತು. ಸಂಘದಲ್ಲಿದ್ದ ಜೌಮೆ ಕೊಂಪ್ಟೆ ಮತ್ತು ಅವರ ಸಂಗಡಿಗರು ಅಲ್ಲಿ ಸತ್ತರು.

ಇನ್ನೊಂದು ತುಕಡಿ ಹೋದದ್ದು ಊರ ನಡುವಿನ ಸಂತ್ ಜೌಮೆ ಚೌಕಕ್ಕೆ. ಆ ಚೌಕದ ಒಂದು ಬದಿಗೆ ಕತಲಾನ್ ಸರ್ಕಾರದ ಅರಮನೆ, ಎದುರು ಬದಿಗೆ ನಗರಸಭೆ. ಅರಮನೆ ಕಾಯುತ್ತಿದ್ದವರು ಪ್ರಾಂತೀಯ ಪೊಲೀಸರು. ಅವರ ಮುಖ್ಯಸ್ಥ ಪೆರೆಸ್ ಫರ್ರಾಸ್ ಕೂಡ ಸೈನ್ಯದ ಅಧಿಕಾರಿಯೇ. ಎರಡೂ ಕಡೆ ಒಂದೇ ಸೈನ್ಯದಲ್ಲಿ ತರಬೇತಿ ಪಡೆದವರು ಇಕ್ಕಟ್ಟಾದ ಬೀದಿಗಳಲ್ಲಿ ಎದುರುಬದುರಾದರು. ಗುಂಡು ಹಾರಿತು, ಹೆಣ ಬಿತ್ತು.

ಇಲ್ಲಿ ಬಾತೆಟ್ ಮಾಡಿದ್ದನ್ನು ಗಮನ ಇಟ್ಟು ನೋಡಬೇಕು. ಅರಮನೆಗೆ ನುಗ್ಗಿ ಅಂತ ಅವರು ಹೇಳಲಿಲ್ಲ. ಸುತ್ತುವರಿದು ಕೂರಿ, ಬೆಳಗಾಗಲಿ ಅಂದರು. ಫಿರಂಗಿ ಹಾರಿಸಿದರು ನಿಜ, ಆದರೆ ಕಟ್ಟಡ ಕೆಡವುವ ಹಾಗೆ ಹಾರಿಸಲಿಲ್ಲ. ಕತ್ತಲಲ್ಲಿ ಸಣ್ಣ ಬೀದಿಗಳಿಗೆ ಸಿಪಾಯಿಗಳನ್ನು ಬಿಟ್ಟರೆ ಯಾರು ಯಾರನ್ನು ಕೊಲ್ಲುತ್ತಾರೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಇನ್ನೊಂದು ಲೆಕ್ಕವೂ ಅವರಿಗಿತ್ತು. ಕಾದಷ್ಟೂ ಕೊಂಪಾನಿಸ್ ಪಕ್ಷ ಸೊರಗುತ್ತದೆ. ಬಾರ್ಸಿಲೋನಾದ ದೊಡ್ಡ ಕಾರ್ಮಿಕ ಶಕ್ತಿ ಅರಾಜಕತಾವಾದಿಗಳದ್ದು, ಅವರು ಈ ಗಲಾಟೆಗೆ ಬರಲಿಲ್ಲ. ಗೃಹ ಖಾತೆಯ ದೆಂಕಾಸ್ ಬಳಿ ಹಸಿರು ಅಂಗಿ ತೊಟ್ಟ ಸಾವಿರಾರು ಸ್ವಯಂಸೇವಕರಿದ್ದಾರೆ ಅಂತ ದೊಡ್ಡ ಮಾತಿತ್ತು. ಹೊತ್ತು ಕಳೆದಂತೆ ಅವರಲ್ಲಿ ಬಹುಪಾಲು ಮನೆಗೆ ಹೋದರು. ದೆಂಕಾಸ್ ಸ್ವತಃ ಚರಂಡಿ ಸುರಂಗದ ಮೂಲಕ ತಪ್ಪಿಸಿಕೊಂಡ.

ಮ್ಯಾಡ್ರಿಡ್‌ಗೆ ಇದು ಹಿಡಿಸಲಿಲ್ಲ. ಯುದ್ಧ ಮಂತ್ರಿ ಇದಾಲ್ಗೊ ಪಕ್ಕದಲ್ಲಿ ಸಲಹೆಗಾರನಾಗಿ ಕೂತು ಇಡೀ ದೇಶದ ದಮನ ಕಾರ್ಯಾಚರಣೆ ನಡೆಸುತ್ತಿದ್ದವನು ಫ್ರಾಂಕೊ. ಬೇಗ ಮುಗಿಸಿ, ಬಲ ಪ್ರಯೋಗಿಸಿ ಅಂತ ಒತ್ತಡ ಬಂತು. ಬಾತೆಟ್ ಬಗ್ಗಲಿಲ್ಲ. ನಾನು ಉತ್ತರ ಕೊಡಬೇಕಾದ್ದು ಪ್ರಧಾನಿಗೆ ಎಂಬುದು ಅವರ ನಿಲುವು.

ಅಕ್ಟೋಬರ್ 7ರ ಬೆಳಗ್ಗೆ 6ರ ಹೊತ್ತಿಗೆ ಕೊಂಪಾನಿಸ್ ಶರಣಾದರು. ದಂಗೆ ಹತ್ತು ಗಂಟೆ ನಡೆದಿತ್ತು. ಬಾತೆಟ್ ರೇಡಿಯೋದಲ್ಲಿ ಮಾತಾಡಿದರು. ಅದರಲ್ಲಿ ಗೆದ್ದವನ ಗತ್ತು ಇರಲಿಲ್ಲ, ಆಗಿದ್ದಕ್ಕೆ ಸಂಕಟ ಇತ್ತು. ಬಂಧಿತರನ್ನು ಬಂದರಿನಲ್ಲಿ ನಿಂತಿದ್ದ ಉರುಗ್ವಾಯ್ ಎಂಬ ಹಡಗಿನಲ್ಲಿಟ್ಟರು.

ಇದೇ ದಿನಗಳಲ್ಲಿ ಅಸ್ತೂರಿಯಾಸ್‌ನಲ್ಲಿ ಫ್ರಾಂಕೊ ಆಫ್ರಿಕಾದಿಂದ ವಿದೇಶಿ ದಳ ಮತ್ತು ಮೊರೊಕ್ಕೊದ ಸಿಪಾಯಿಗಳನ್ನು ತರಿಸಿದ. ಅಲ್ಲಿ ಎರಡು ವಾರ ಕಾದಾಟ ನಡೆದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಬಾರ್ಸಿಲೋನಾದ ಸಾವು ನೂರರ ಒಳಗೇ ಉಳಿಯಿತು. ಎರಡೂ ಒಂದೇ ಥರದ ದಂಗೆ ಅಲ್ಲ, ಗಣಿ ಕಾರ್ಮಿಕರು ಕೊಂಪಾನಿಸ್ ಜನರಿಗಿಂತ ಗಟ್ಟಿಯಾಗಿ ಕಾದಾಡಿದರು ಎಂಬುದು ನಿಜ. ಆದರೂ ವಿಧಾನದಲ್ಲಿ ಇದ್ದ ವ್ಯತ್ಯಾಸ ಯಾರಿಗೂ ಕಾಣುವಂಥದ್ದು.

ಬಾತೆಟ್‌ಗೆ ಸಾನ್ ಫೆರ್ನಾಂದೊ ಶಿಲುಬೆ ಸಿಕ್ಕಿತು. ಸ್ಪೇನ್ ಸೈನ್ಯದಲ್ಲಿ ಅದಕ್ಕಿಂತ ದೊಡ್ಡ ಪದಕ ಇಲ್ಲ. ಸಿಕ್ಕ ಮೇಲೆ ಏನಾಯಿತು? ಕತಲಾನ್ ರಾಷ್ಟ್ರೀಯವಾದಿಗಳಿಗೆ ಅವರು ದ್ರೋಹಿಯಾದರು. ಕಟ್ಟಾ ಬಲಪಂಥೀಯರಿಗೆ ಮೆತ್ತಗಿನ ಮನುಷ್ಯರಾದರು, ಸಾಕಷ್ಟು ಜನರನ್ನು ಕೊಲ್ಲಲಿಲ್ಲವಲ್ಲ! ಇತ್ತ ಊರಿಗೂ ಬೇಡ, ಅತ್ತ ದಂಡಿಗೂ ಬೇಡ. ರಾಷ್ಟ್ರಾಧ್ಯಕ್ಷ ಅಲ್ಕಲಾ ಝಮೋರಾ ಮಾತ್ರ ಅವರನ್ನು ಕರೆದು ತಮ್ಮ ಸೇನಾ ಪರಿವಾರದ ಮುಖ್ಯಸ್ಥರನ್ನಾಗಿ ಮಾಡಿಕೊಂಡರು.

ಇರಾಚೆ ಮಠದಲ್ಲಿ ಕೊಟ್ಟ ಮಾತು

1936ರ ಫೆಬ್ರವರಿ ಚುನಾವಣೆಯಲ್ಲಿ ಎಡ ಮೈತ್ರಿಕೂಟ ಗೆದ್ದಿತು. ಕೊಂಪಾನಿಸ್ ಬಿಡುಗಡೆಯಾಗಿ ಮತ್ತೆ ಅಧ್ಯಕ್ಷರಾದರು. ಸೈನ್ಯದಲ್ಲಿ ಸಂಚು ಶುರುವಾಯಿತು. ಸರ್ಕಾರಕ್ಕೆ ಅನುಮಾನ ಇತ್ತು. ಅನುಮಾನದ ಜನರಲ್‌ಗಳನ್ನು ದೂರ ದೂರ ವರ್ಗ ಮಾಡಿತು. ಫ್ರಾಂಕೊ ಕ್ಯಾನರಿ ದ್ವೀಪಕ್ಕೆ, ಗೊದೆದ್ ಬಲೆಯಾರಿಕ್ ದ್ವೀಪಕ್ಕೆ, ಎಮಿಲಿಯೊ ಮೋಲಾ ಪಾಂಪ್ಲೋನಾಗೆ. ವರ್ಗಾವಣೆಯೇ ಶಿಕ್ಷೆ ಅಂದುಕೊಳ್ಳುವ ಸರ್ಕಾರಗಳು ಎಲ್ಲ ಕಡೆಯೂ ಇರುತ್ತವೆ. ಪಾಂಪ್ಲೋನಾ ಇಡೀ ಸ್ಪೇನಿನಲ್ಲಿ ಗಣರಾಜ್ಯವನ್ನು ಅತಿ ಹೆಚ್ಚು ದ್ವೇಷಿಸುವ ಊರು. ಅಲ್ಲಿ ಹಳೇ ರಾಜಪಕ್ಷದ ಕಾರ್ಲಿಸ್ಟರ ಸಶಸ್ತ್ರ ಪಡೆಯೇ ಇತ್ತು. ಮೋಲಾ ಅಲ್ಲಿ ಕೂತು ಇಡೀ ಸಂಚಿನ ಸೂತ್ರಧಾರನಾದ. ಅವನ ಗುಪ್ತನಾಮ ‘ನಿರ್ದೇಶಕ’.

ಅವನ ರಹಸ್ಯ ಸೂಚನೆಗಳು ಉಳಿದಿವೆ. ಕಾರ್ಯಾಚರಣೆ ಅತ್ಯಂತ ಹಿಂಸಾತ್ಮಕವಾಗಿರಬೇಕು ಅನ್ನುತ್ತದೆ ಒಂದು. ನಮ್ಮ ಜೊತೆ ಇಲ್ಲದವರು ನಮ್ಮ ಶತ್ರುಗಳು, ಸಂಗಾತಿಗಳಾಗದ ಸಹೋದ್ಯೋಗಿಗಳಿಗೆ ದಯೆ ಇಲ್ಲ ಅನ್ನುತ್ತದೆ ಇನ್ನೊಂದು.

ಜೂನ್‌ನಲ್ಲಿ ಸರ್ಕಾರ ಬಾತೆಟ್‌ರನ್ನು ಬುರ್ಗೊಸ್‌ಗೆ ಕಳಿಸಿತು, ಆರನೇ ಡಿವಿಷನ್ ಮುಖ್ಯಸ್ಥರಾಗಿ. ಪಾಂಪ್ಲೋನಾ ಆ ಡಿವಿಷನ್ ಕೆಳಗೇ ಬರುತ್ತದೆ. ಅಂದರೆ ಮೋಲಾ ಮೇಲಧಿಕಾರಿ ಈಗ ಬಾತೆಟ್. ಕಾಗದದ ಮೇಲೆ ಇದು ಜಾಣ ನೇಮಕ.

ಪಾಂಪ್ಲೋನಾದ ನೈರುತ್ಯಕ್ಕೆ ಎಸ್ತೆಯಾ ಎಂಬ ಪೇಟೆ ಇದೆ. ಅದರ ಹತ್ತಿರ ಇರಾಚೆ ಎಂಬ ಹಳೇ ಮಠ. ಜೂನ್ ನಡುವೆ ಮೋಲಾ ಅಲ್ಲಿ ಸುತ್ತಲಿನ ಸೇನಾ ನೆಲೆಗಳ ಮುಖ್ಯಸ್ಥರನ್ನು ಗುಟ್ಟಾಗಿ ಸೇರಿಸಿದ. ಎಸ್ತೆಯಾದ ಮೇಯರ್ ಫೊರ್ತುನಾತೊ ಅಗಿರ್ರೆಗೆ ಸುದ್ದಿ ತಿಳಿಯಿತು. ಪೊಲೀಸರನ್ನು ಕಳಿಸಿ ಮಠ ಸುತ್ತುವರಿದು, ಪ್ರಧಾನಿ ಕಸಾರೆಸ್ ಕಿರೋಗಾಗೆ ಫೋನ್ ಮಾಡಿಸಿದರು. ಮೋಲಾ ನಿಷ್ಠಾವಂತ ಗಣರಾಜ್ಯವಾದಿ, ಪೊಲೀಸರನ್ನು ವಾಪಸ್ ಕರೆಸಿ ಅಂತ ಪ್ರಧಾನಿ ಹೇಳಿದರು. ಸಂಚಿನ ತಲೆ ಬಲೆಯೊಳಗೇ ಇತ್ತು, ಇವರೇ ಬಲೆ ಎತ್ತಿದರು. (ಫುಟ್‌ಬಾಲ್ ನೋಡುವವರಿಗೆ ಒಂದು ಮಾತು. ಈ ಅಗಿರ್ರೆ ಒಸಾಸುನಾ ಕ್ಲಬ್ ಸ್ಥಾಪಕರಲ್ಲಿ ಒಬ್ಬರು. ದಂಗೆ ಗೆದ್ದ ಮೇಲೆ ಸೆಪ್ಟೆಂಬರ್‌ನಲ್ಲಿ ಅವರನ್ನೂ ಗುಂಡಿಟ್ಟು ಕೊಂದರು.)

ಒಂದು ತಿಂಗಳ ನಂತರ, ಜುಲೈ 16ರಂದು, ಅದೇ ಮಠದಲ್ಲಿ ಬಾತೆಟ್ ಮೋಲಾನನ್ನು ಭೇಟಿಯಾದರು. ನೇರವಾಗಿ ಕೇಳಿದರು, ದಂಗೆ ಏಳುವ ಯೋಚನೆ ಇದೆಯಾ? ಇಲ್ಲ ಅಂತ ಮಾತು ಕೊಡಿ. ಮೋಲಾ ಕೊಟ್ಟ ಮಾತು, ತಾನು ಯಾವ ದುಸ್ಸಾಹಸಕ್ಕೂ ಇಳಿಯುವುದಿಲ್ಲ ಅಂತ. ಬಾತೆಟ್ ಸಮಾಧಾನವಾಗಿ ಬುರ್ಗೊಸ್‌ಗೆ ಮರಳಿದರು. ಮೋಲಾನ ಲೆಕ್ಕದಲ್ಲಿ ತಾನು ಮಾಡಹೊರಟದ್ದು ದುಸ್ಸಾಹಸ ಅಲ್ಲ, ದೇಶಸೇವೆ. ಹಾಗಾಗಿ ಮಾತು ತಪ್ಪಿದ ಹಾಗೂ ಆಗಲಿಲ್ಲ ನೋಡಿ!

ಎಷ್ಟು ಭೋಳೆ ಸ್ವಭಾವ ಅಂತ ಬಾತೆಟ್‌ರನ್ನು ಬೈಯುವುದು ಸುಲಭ. ನಾನೂ ಮೊದಲು ಓದಿದಾಗ ಹಾಗೇ ಅಂದುಕೊಂಡೆ. ಆದರೆ ಪ್ರಧಾನಿಯೇ ಮೋಲಾ ನಂಬಿಕಸ್ಥ ಅಂದಿರುವಾಗ, ಪುರಾವೆ ಇಲ್ಲದೆ ಒಬ್ಬ ಜನರಲ್‌ನನ್ನು ಬಂಧಿಸಲು ಇವರಿಗೆ ಯಾರ ಬಲ ಇತ್ತು? ಬಂಧಿಸಿ ಅಂದರೆ ಬಂಧಿಸುವವರು ಯಾರು?

ಎರಡನೇ ರಾತ್ರಿ

ಜುಲೈ 17ರ ಸಂಜೆ ಮೊರೊಕ್ಕೊ ಕರಾವಳಿಯಲ್ಲಿರುವ ಸ್ಪೇನ್ ನಗರ ಮೆಲಿಯಾದಲ್ಲಿ ದಂಗೆ ಶುರುವಾಯಿತು. ಬುರ್ಗೊಸ್‌ನಲ್ಲಿ ಸಂಚಿನ ಮುಂದಾಳಾಗಿದ್ದ ಜನರಲ್ ಗೊನ್ಸಾಲೆಸ್ ದೆ ಲಾರಾನನ್ನು ಬಂಧಿಸಿ ಊರಾಚೆ ಸಾಗಿಸಿದರು. ಅಂದರೆ ಸರ್ಕಾರದ ಕಡೆಯವರು ನಿದ್ದೆ ಮಾಡುತ್ತಿರಲಿಲ್ಲ. ಆದರೆ ಒಬ್ಬನನ್ನು ಕಿತ್ತರೆ ಸಾಕಾಗುವಂಥ ಸಂಚು ಅದಾಗಿರಲಿಲ್ಲ.

18ರ ರಾತ್ರಿ ಕಳೆದು 19 ಹುಟ್ಟುವ ಹೊತ್ತಿಗೆ ಬಾತೆಟ್ ಕಚೇರಿಗೆ ಅವರದೇ ಕೈಕೆಳಗಿನ ಅಧಿಕಾರಿಗಳು ನುಗ್ಗಿದರು. ನಮ್ಮ ಜೊತೆ ಬನ್ನಿ, ನಾಯಕತ್ವ ವಹಿಸಿ ಅಂದರು. ಅವರು ಒಪ್ಪಲಿಲ್ಲ. ಬಂಧಿಸಿದರು. ಅವರ ಸಿಬ್ಬಂದಿ ಮುಖ್ಯಸ್ಥ ಕರ್ನಲ್ ಮೊರೇನೊ ಕಾಲ್ದೆರೋನ್ ದಂಗೆಕೋರರ ಕಡೆ. ದಿನಾ ಬೆಳಗ್ಗೆ ಕಡತ ತಂದು ಸಹಿ ಹಾಕಿಸಿಕೊಳ್ಳುತ್ತಿದ್ದ ಮನುಷ್ಯ! ನಿವೃತ್ತ ಜನರಲ್ ದಾವಿಲಾ ಹೋಗಿ ಸಿವಿಲ್ ಗವರ್ನರ್ ಕಚೇರಿ ವಶಪಡಿಸಿಕೊಂಡ. ಬುರ್ಗೊಸ್ ದಂಗೆಕೋರರ ಕೈಗೆ ಸಲೀಸಾಗಿ ಬಂತು. ಅದೇ ರಾತ್ರಿ ಮ್ಯಾಡ್ರಿಡ್‌ನಲ್ಲಿ ಕಸಾರೆಸ್ ಕಿರೋಗಾ ರಾಜೀನಾಮೆ ಕೊಟ್ಟರು. ಹೊಸ ಪ್ರಧಾನಿ ಮಾರ್ತಿನೆಸ್ ಬಾರ್ರಿಯೊ ಮೋಲಾಗೆ ಫೋನ್ ಮಾಡಿ ರಾಜಿಗೆ ಕರೆದರು. ಕಾಲ ಮಿಂಚಿದೆ ಎಂಬುದು ಮೋಲಾ ಉತ್ತರ.

ಆಗ ಸ್ಪೇನಿನಲ್ಲಿ ಎಂಟು ಡಿವಿಷನ್‌ಗಳು. ಆ ಎಂಟು ಮುಖ್ಯಸ್ಥರಲ್ಲಿ ದಂಗೆಗೆ ಸೇರಿದವನು ಒಬ್ಬನೇ, ಸರಗೋಸಾದ ಕಬನೆಯಾಸ್. ಸೈನ್ಯ ಒಟ್ಟಾಗಿ ದಂಗೆ ಎದ್ದಿತು ಅನ್ನುವ ಮಾತನ್ನು ಈ ಒಂದು ಸಂಗತಿ ಬುಡಮೇಲು ಮಾಡುತ್ತದೆ. ಮೇಲಿನವರು ಬಹುಪಾಲು ಎದ್ದಿರಲಿಲ್ಲ. ಬಯ್ಯಾದೊಲಿದ್‌ನ ಮೊಲೇರೊ ಕಚೇರಿಯಲ್ಲೇ ಗಾಯಗೊಂಡು ಸೆರೆಯಾದರು. ಲಾ ಕೊರೂನ್ಯಾದ ಸಾಲ್ಸೆದೊ ಸೆರೆಯಾಗಿ ನವೆಂಬರ್‌ನಲ್ಲಿ ಗುಂಡಿಗೆ ಬಲಿಯಾದರು. ಎದ್ದದ್ದು ನಡುವಿನವರು, ಕರ್ನಲ್, ಮೇಜರ್, ಕ್ಯಾಪ್ಟನ್.

1934ರ ರಾತ್ರಿ ನೆನಪಿಸಿಕೊಳ್ಳಿ. ಅವತ್ತು ಬಾತೆಟ್ ಹೇಳಿದ ಹಾಗೆ ಅಧಿಕಾರಿಗಳು ಕೇಳಿದರು. ಕಾನೂನಿಗೆ ಗೌರವ ಕೊಟ್ಟು ಕೇಳಿದರು ಅಂತ ಎಲ್ಲರೂ ಅಂದುಕೊಂಡರು. ನನ್ನ ಲೆಕ್ಕದಲ್ಲಿ ಅವರು ಕೇಳಿದ್ದು ಆ ಆದೇಶ ತಮಗೆ ಇಷ್ಟವಾಗಿತ್ತು ಅಂತ. ಕತಲಾನ್ ಪ್ರತ್ಯೇಕತಾವಾದಿಗಳ ಮೇಲೆ ಗುಂಡು ಹಾರಿಸಿ ಅಂದರೆ ಯಾವ ಬಲಪಂಥೀಯ ಕ್ಯಾಪ್ಟನ್ ಹಿಂಜರಿಯುತ್ತಾನೆ? 1936ರಲ್ಲಿ ಅದೇ ಬಾಯಿಂದ, ಅದೇ ಸಂವಿಧಾನದ ಹೆಸರಲ್ಲಿ, ಆದೇಶ ಅವರದೇ ಜನರ ವಿರುದ್ಧ ಬಂದಾಗ ಎತ್ತುವ ಕೈಗಳೇ ಇರಲಿಲ್ಲ. ಸರ್ಕಾರ ಬಾತೆಟ್ ನಿಷ್ಠೆಯನ್ನು ಲೆಕ್ಕ ಹಾಕಿತು. ಅವರ ಕೆಳಗಿನ ಕರ್ನಲ್‌ಗಳನ್ನು ಲೆಕ್ಕ ಹಾಕಲಿಲ್ಲ.

ಅದೇ ದಿನ ಬಾರ್ಸಿಲೋನಾದಲ್ಲಿ ನಡೆದದ್ದು ಇದಕ್ಕೆ ಹೋಲಿಕೆಗೆ ಸಿಗುತ್ತದೆ. ಅಲ್ಲೂ ಡಿವಿಷನ್ ಮುಖ್ಯಸ್ಥರು ನಿಷ್ಠರು, ಅಲ್ಲೂ ಅಧಿಕಾರಿಗಳು ಅವರ ಮಾತು ಕೇಳಲಿಲ್ಲ. ಆದರೆ ಸೈನ್ಯದ ಹೊರಗೆ ಬೇರೆ ಬಲ ಇತ್ತು. ಪೊಲೀಸರು ಇದ್ದರು, ಸಿವಿಲ್ ಗಾರ್ಡ್ ಎಂಬ ಅರೆಸೇನಾ ಪೊಲೀಸ್ ಪಡೆ ಕೊನೆಗೆ ಸರ್ಕಾರದ ಕಡೆ ಬಂತು, ಅರಾಜಕತಾವಾದಿ ಕಾರ್ಮಿಕರು ಬೀದಿಗಿಳಿದರು. ಪೊಲೀಸ್ ವ್ಯವಸ್ಥೆ ನೋಡಿಕೊಂಡವರು ಫ್ರೆದೆರಿಕ್ ಎಸ್ಕೊಫೆತ್, 1934ರ ದಂಗೆಗಾಗಿ ಮರಣದಂಡನೆಗೆ ಗುರಿಯಾಗಿ ಆಮೇಲೆ ಉಳಿದುಕೊಂಡವರು! ಅಂದು ಬಾತೆಟ್ ವಿರುದ್ಧ ನಿಂತವರು ಇಂದು ಗಣರಾಜ್ಯ ಉಳಿಸಿದರು. ಬುರ್ಗೊಸ್‌ನಲ್ಲಿ ಅಂಥ ಬಲ ಇರಲಿಲ್ಲ. ಪಾದ್ರಿಗಳು, ಪಿಂಚಣಿದಾರರು, ಸೈನಿಕರು ತುಂಬಿದ ಸಂಪ್ರದಾಯಸ್ಥ ಊರು. ಬಾತೆಟ್ ಎಷ್ಟೇ ಚುರುಕಾಗಿದ್ದರೂ ಆ ಊರನ್ನು ಹಿಡಿದಿಡಲು ಆಗುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ತಲೆಕೆಳಗಾದ ನ್ಯಾಯ

ದಂಗೆಕೋರರ ಆಡಳಿತ ಮಂಡಳಿ ಬುರ್ಗೊಸ್‌ನಲ್ಲಿ ಹುಟ್ಟಿದ್ದು ಜುಲೈ 24ಕ್ಕೆ. ಅದರ ಅಧ್ಯಕ್ಷ ಕಬನೆಯಾಸ್. ಸದಸ್ಯರಲ್ಲಿ ಒಬ್ಬ ಕರ್ನಲ್ ಮೊರೇನೊ ಕಾಲ್ದೆರೋನ್, ಅದೇ ಸಿಬ್ಬಂದಿ ಮುಖ್ಯಸ್ಥ. ಬಾತೆಟ್ ಸೆರೆಯಾಗಿ ಆಗಲೇ ಐದು ದಿನ ಆಗಿತ್ತು. ಅಂದರೆ ಅವರನ್ನು ಬಂಧಿಸಿದ ಗಳಿಗೆಯಲ್ಲಿ ಸ್ಪೇನಿನಲ್ಲಿ ಇದ್ದದ್ದು ಒಂದೇ ಸರ್ಕಾರ. ದಂಗೆಕೋರರಿಗೆ ಹೆಸರಿಗೊಂದು ಸರ್ಕಾರವೂ ಇರಲಿಲ್ಲ. ಹಾಗಿದ್ದ ಮೇಲೆ ಬಾತೆಟ್ ಯಾರ ವಿರುದ್ಧ ದಂಗೆ ಎದ್ದರು?

ಉತ್ತರ ಹೀಗೆ. ನಾವು ಯುದ್ಧ ಪರಿಸ್ಥಿತಿ ಘೋಷಿಸಿದೆವು. ಆ ಗಳಿಗೆಯಿಂದ ನಾವೇ ಕಾನೂನುಬದ್ಧ. ನಮ್ಮನ್ನು ವಿರೋಧಿಸಿದವರು ದಂಗೆಕೋರರು. ಕೋತಿ ತಾನು ತಿಂದು ಮೇಕೆ ಮೂತಿಗೆ ಒರೆಸಿತು ಅನ್ನುವ ಮಾತು ಇದಕ್ಕಿಂತ ಚೆನ್ನಾಗಿ ಇನ್ನೆಲ್ಲೂ ಹೊಂದದು. ಈ ತರ್ಕದ ಮೇಲೆ ಸ್ಪೇನಿನಲ್ಲಿ ಸಾವಿರಾರು ಜನರಿಗೆ ಶಿಕ್ಷೆಯಾಯಿತು. ಇದನ್ನು ತಲೆಕೆಳಗಾದ ನ್ಯಾಯ ಅಂತ ಕರೆದವನು ವಿರೋಧಿಯಲ್ಲ, ಫ್ರಾಂಕೊ ಷಡ್ಡಕ, ಒಂದು ಕಾಲದ ಪ್ರಬಲ ಮಂತ್ರಿ ಸೆರ್ರಾನೊ ಸುನ್ಯೇರ್. ಅದೂ ಎಲ್ಲ ಮುಗಿದ ಎಷ್ಟೋ ವರ್ಷಗಳ ಮೇಲೆ.

1937ರ ಜನವರಿಯಲ್ಲಿ ಸೇನಾ ನ್ಯಾಯಾಲಯ ಮರಣದಂಡನೆ ವಿಧಿಸಿತು. ಅಷ್ಟರಲ್ಲಿ ಫ್ರಾಂಕೊ ದಂಗೆಕೋರರ ಸರ್ವೋಚ್ಚ ನಾಯಕನಾಗಿದ್ದ. ಕ್ಷಮೆ ಕೊಡುವುದು ಬಿಡುವುದು ಅವನ ಕೈಯಲ್ಲಿ. ಬಾತೆಟ್ ಪರವಾಗಿ ಕೇಳಿಕೊಂಡವರಲ್ಲಿ ಕಬನೆಯಾಸ್ ಇದ್ದ, ಸೆವಿಲ್ಲಾದ ಕೇಪೊ ದೆ ಯಾನೊ ಇದ್ದ. ಇಬ್ಬರೂ ದಂಗೆಯ ದೊಡ್ಡ ತಲೆಗಳು. ಫ್ರಾಂಕೊ ಒಪ್ಪಲಿಲ್ಲ.

ಕೇಪೊ ಮಾತಿಗೆ ಬೆಲೆ ಸಿಗದಿದ್ದಕ್ಕೆ ಇನ್ನೊಂದು ಕಾರಣ ಇತಿಹಾಸಕಾರರು ಹೇಳುತ್ತಾರೆ. 1936ರ ಆಗಸ್ಟ್‌ನಲ್ಲಿ ಕೇಪೊ ಜನರಲ್ ಕಾಂಪಿನ್ಸ್ ಎಂಬುವರನ್ನು ಸೆವಿಲ್ಲಾದಲ್ಲಿ ಗುಂಡಿಟ್ಟು ಕೊಲ್ಲಿಸಿದ್ದ. ಗ್ರನಾದಾದಲ್ಲಿ ದಂಗೆಗೆ ಸೇರಲು ತಡ ಮಾಡಿದ್ದು ಅವರ ತಪ್ಪು. ಕಾಂಪಿನ್ಸ್ ಫ್ರಾಂಕೊಗೆ ಆಪ್ತರು, ಸರಗೋಸಾ ಸೇನಾ ಅಕಾಡೆಮಿಯಲ್ಲಿ ಅವನ ಕೆಳಗೆ ದುಡಿದವರು. ಬಿಟ್ಟುಬಿಡು ಅಂತ ಫ್ರಾಂಕೊ ಕೇಳಿದ್ದ, ಕೇಪೊ ಕೇಳಲಿಲ್ಲ. ಈಗ ಕೇಪೊ ಕೇಳಿದಾಗ ಫ್ರಾಂಕೊ ಲೆಕ್ಕ ಚುಕ್ತಾ ಮಾಡಿದ. ಮೊರೊಕ್ಕೊದ ಹಳೇ ಟಿಪ್ಪಣಿ, 1934ರ ಆ ರಾತ್ರಿಯ ಜಗಳ, ಇವೂ ಅದರ ಜೊತೆ ಸೇರಿರಬಹುದು. ಯಾವುದು ಎಷ್ಟು ಅಂತ ತೂಗಿ ಹೇಳುವುದು ಕಷ್ಟ. ದ್ವೇಷ ಒಂದನ್ನೇ ಕಾರಣ ಮಾಡಿದರೆ ಇನ್ನೊಂದು ಮುಖ್ಯ ವಿಷಯ ಮರೆತುಹೋಗುತ್ತದೆ. ಸಾನ್ ಫೆರ್ನಾಂದೊ ಶಿಲುಬೆ ಧರಿಸಿದ ಜನರಲ್‌ನನ್ನೇ ಬಿಡಲಿಲ್ಲ ಅಂದಮೇಲೆ ನಡುಗಡೆ ನಿಂತು ಯೋಚಿಸುತ್ತಿದ್ದ ಉಳಿದ ಅಧಿಕಾರಿಗಳಿಗೆ ಬೇರೆ ಎಚ್ಚರಿಕೆ ಬೇಕಿರಲಿಲ್ಲ. ಮೋಲಾ ತನ್ನ ಸೂಚನೆಯಲ್ಲಿ ಬರೆದದ್ದೂ ಇದನ್ನೇ ಅಲ್ವಾ?

ಗುಂಡು ಹಾರಿಸುವ ಮುಂಚೆ ಬಾತೆಟ್ ಎದುರಿನ ಸಿಪಾಯಿಗಳಿಗೆ ಹೇಳಿದ ಮಾತು ದಾಖಲಾಗಿದೆ. ನೀವು ಕರ್ತವ್ಯ ಮಾಡುತ್ತಿದ್ದೀರಿ, ನಾಳೆ ಇದಕ್ಕಾಗಿ ಕೊರಗಬೇಡಿ. ಆಜ್ಞೆ ಬಂದಾಗ ಹಾರಿಸಿ, ಎದೆಗೇ ಹಾರಿಸಿ. ಮೇಲಿನವರ ಆದೇಶ ಪಾಲಿಸುವವನು ತಪ್ಪು ಮಾಡುವುದಿಲ್ಲ, ಹಾಗಾಗಿ ನಾನು ನಿಮ್ಮನ್ನು ಕ್ಷಮಿಸಬೇಕಾದ್ದೂ ಇಲ್ಲ. ಸಾರಾಂಶ ಇಷ್ಟು. ಬಹಳ ಜನ ಇದನ್ನು ದೊಡ್ಡ ಮನಸ್ಸಿನ ಮಾತಾಗಿ ನೋಡುತ್ತಾರೆ, ಅದು ಹೌದು. ನನಗೆ ಇದರಲ್ಲಿ ಒಂದು ಹಟವೂ ಕಾಣುತ್ತದೆ. ಅವರನ್ನು ಸೆರೆ ಹಿಡಿದ ಕರ್ನಲ್‌ಗಳು ಮೇಲಿನವರ ಆದೇಶ ಮುರಿದವರು. ಎದುರು ನಿಂತ ಸಿಪಾಯಿಗಳು ಹಾಗಲ್ಲ. ಆ ವ್ಯತ್ಯಾಸವನ್ನು ಅವರು ಕೊನೆಯವರೆಗೂ ಬಿಟ್ಟುಕೊಡಲಿಲ್ಲ.

ಮೋಲಾ ಅದೇ ವರ್ಷ ಜೂನ್ 3ರಂದು ಬುರ್ಗೊಸ್ ಪ್ರಾಂತ್ಯದಲ್ಲೇ ವಿಮಾನ ಅಪಘಾತದಲ್ಲಿ ಸತ್ತ. ಕೊಂಪಾನಿಸ್ ಯುದ್ಧ ಸೋತ ಮೇಲೆ ಫ್ರಾನ್ಸಿಗೆ ಹೋದರು. 1940ರಲ್ಲಿ ಜರ್ಮನ್ನರು ಅವರನ್ನು ಹಿಡಿದು ಫ್ರಾಂಕೊಗೆ ಒಪ್ಪಿಸಿದರು. ಅಕ್ಟೋಬರ್ 15ರಂದು ಬಾರ್ಸಿಲೋನಾದ ಮೊಂಜುಯಿಕ್ ಕೋಟೆಯಲ್ಲಿ ಗುಂಡು ಹೊಡೆದರು. ಆರೋಪ ಅವರ ಮೇಲೂ ಸೇನಾ ದಂಗೆಯೇ, ಆದರೆ 1934ರ ನಿಜವಾದ ದಂಗೆಗಲ್ಲ, 1936ರಲ್ಲಿ ಸರ್ಕಾರದ ಕಡೆ ಉಳಿದದ್ದಕ್ಕೆ. ಒಂದು ರಾತ್ರಿ ಎದುರುಬದುರು ನಿಂತ ಇಬ್ಬರನ್ನೂ ಒಂದೇ ಕಾನೂನಿನ ಕೆಳಗೆ ಕೊಂದರು.

2022ರ ಅಕ್ಟೋಬರ್‌ನಲ್ಲಿ ಸ್ಪೇನ್ ಹೊಸ ಕಾನೂನು ತಂದು ಅಂತರ್ಯುದ್ಧ ಮತ್ತು ಸರ್ವಾಧಿಕಾರದ ಕಾಲದ ಇಂಥ ರಾಜಕೀಯ ಶಿಕ್ಷೆಗಳನ್ನು ಅಕ್ರಮ, ಅನೂರ್ಜಿತ ಅಂತ ಘೋಷಿಸಿತು. ಬಾತೆಟ್ ಮೇಲಿನ ತೀರ್ಪು ಬಂದು ಆಗ 85 ವರ್ಷ ಆಗಿತ್ತು.